ತಿಮಿಂಗಿಲ, ಚಿಂಕಾರ ಮತ್ತು ನಮ್ಮ ಉಸ್ತಾನಿ

ಆ ಮಳೆಗಾಲದಲ್ಲಿ ನಾನು ಬೀದರಿನ ಹೆಣ್ಣುಮಕ್ಕಳ ಮಿಷನ್ ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿದ್ದೆ. ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಹೆದರಿಕೆಗೆ ಭಾಲ್ಕಿ, ಔರಾದ ಕಡೆಯವರು ತಮ್ಮ ಮಕ್ಕಳನ್ನು ಹಾಸ್ಟೆಲಿನಿಂದ ಕರೆದೊಯ್ಯುತ್ತಿದ್ದರು. ಉಳಿದವರಿಗೆ ಸಸ್ತನಿಗಳ ಪಾಠ ಶುರು ಮಾಡಿದೆ.

ಬೋರ್ಡಿನ ಒಂದು ಕಡೆ ತಿಮಿಂಗಿಲ, ಇನ್ನೊಂದು ಕಡೆ ಚಿಂಕಾರ ಎಂಬ ಸಣ್ಣ ಹುಲ್ಲೆ ಬರೆದೆ. ತಿಮಿಂಗಿಲ ಕುಂಬಳಕಾಯಿಯಂತಾಯಿತು, ನಾನೂ ಸಮುದ್ರ ಕಂಡವಳಲ್ಲ. ಪಕ್ಕದ ಕೋಣೆಯಲ್ಲಿ ಉರ್ದು ಕಲಿಸುತ್ತಿದ್ದ ಉಸ್ತಾನಿ ಬಂದು, ನಕ್ಕು, ಚಿಂಕಾರದ ಕಾಲು ತಿದ್ದಿದರು. ಅವರು ಔರಾದಿನವರು, ಕುರುಚಲು ಕಾಡಿನಲ್ಲಿ ಅದನ್ನು ನೋಡಿದ್ದರು. ಆಗ ಅವರಿಗೆ ದಿನ ತುಂಬುತ್ತಿತ್ತು.

"ಇವೆರಡೂ ಒಂದೇ ಜಾತಿ ಹ್ಯಾಂಗ್ರಿ ಅಕ್ಕೋರೆ?" ಎಂದಳು ಎಕಂಬಾದ ಹುಡುಗಿ.

"ಒಂದಕ್ಕ ಕಾಲೇ ಇಲ್ಲ, ಇನ್ನೊಂದಕ್ಕ ಕಾಲೇ ಜೀವ. ಆದ್ರ ಎರಡಕ್ಕೂ ಬಿಸಿ ರಕ್ತ, ಎರಡೂ ಮರಿಗಿ ಹಾಲು ಕುಡಿಸ್ತಾವ. ತಿಮಿಂಗಿಲ ನೀರಾಗಿದ್ರೂ ಉಸಿರಿಗಿ ಮ್ಯಾಲ ಬರಬೇಕು. ಮರಿ ಹುಟ್ಟಿದ ಕೂಡ್ಲೇ ತಾಯಿ ಅದನ್ನ ಮ್ಯಾಲಕ್ಕ ನೂಕ್ತದ. ಬಿಟ್ಟು ಅಗಲಂಗಿಲ್ಲ," ಎಂದೆ.

"ಚಿಂಕಾರ ಹಂಗಲ್ಲ," ಎಂದರು ಉಸ್ತಾನಿ. "ಮರೀನ ಹುಲ್ಲಿನಾಗ ಅಡಗಿಸಿಟ್ಟು ದೂರ ಮೇಯ್ತದ. ಹಾಲು ಕುಡಿಸ್ಲಿಕ್ಕಷ್ಟೇ ಬರ್ತದ. ಹತ್ರ ನಿಂತ್ರ ತೋಳಕ್ಕ ಜಾಗ ಗೊತ್ತಾಗ್ತದ."

"ತೋಳ ಬಂದೇಬಿಟ್ರ?" ಅದೇ ಹುಡುಗಿ ಕೇಳಿದಳು.

ಉತ್ತರ ಬರುವ ಮೊದಲೇ ಗೇಟಿನ ಮುಂದೆ ರಜಾಕಾರರ ಲಾರಿ ನಿಂತ ಸದ್ದಾಯಿತು. ಯಾರೂ ಹೇಳಬೇಕಾಗಲಿಲ್ಲ, ಹುಡುಗಿಯರು ಬೆಂಚಿನ ಕೆಳಗೆ ಸರಿದರು. ಉಸ್ತಾನಿ ಬುರ್ಖಾ ಹಾಕಿಕೊಂಡು ಹೊರಗೆ ಹೋದರು. ಇಲ್ಲಿರುವವರು ನನ್ನ ಮಕ್ಕಳು, ಒಳಗೆ ಕಾಲಿಡಬೇಡಿ ಎಂದು ಬಂದೂಕು ಹಿಡಿದವರನ್ನು ಉರ್ದುವಿನಲ್ಲಿ ಗದರಿಸಿದ್ದು ನಮಗೆ ಕೇಳಿಸಿತು. ಬಹಳ ಹೊತ್ತಿನ ಮೇಲೆ ಲಾರಿ ಹೋಯಿತು. ಉಸ್ತಾನಿ ಒಳಗೆ ಬಂದು ಗೋಡೆಗೆ ಒರಗಿ ಕೂತು ನೀರು ಕೇಳಿದರು.

ಆಮೇಲೆ ಭಾರತದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆಯಿತು. ಇನ್ನು ಹೆದರಿಕೆಯಿಲ್ಲ ಎಂದುಕೊಳ್ಳುವಷ್ಟರಲ್ಲಿ ಉಸ್ತಾನಿಯ ಓಣಿಯಿಂದ ಹೊಗೆ ಎದ್ದಿತು. ಒಂದು ಮುಂಜಾನೆ ಅವರು ಹಿಂದಿನ ಬಾಗಿಲಿಗೆ ಬಂದರು, ಬರಿಗಾಲಲ್ಲಿ. ರಜಾಕಾರರ ಮೇಲಿನ ಸೇಡಿಗೆ ಬಂದ ಗುಂಪು ಅವರ ಗಂಡನನ್ನು ಎಳೆದೊಯ್ದಿತ್ತು.

"ನನ್ನ ಒಳಗ ಇಟ್ಕೊಳ್ತೀರೇನ್ರಿ?"

ಹಾಗೆ ಕೇಳಿದ್ದಕ್ಕೆ ನನಗೆ ಅಳು ಬಂತು. ಸಾಮಾನಿನ ಕೋಣೆಯಲ್ಲಿ ಚಾಪೆ ಹಾಸಿದೆ. ಅಲ್ಲೇ ಹೆಣ್ಣುಮಗು ಹುಟ್ಟಿತು. ಬೀದಿಯಲ್ಲಿ ಗುಂಪು ಕೂಗುತ್ತ ಹೋಗುವಾಗ ಮಗು ಅತ್ತರೆ, ನಾನು ಹಾಸ್ಟೆಲಿನ ಹುಡುಗಿಯರಿಂದ ಗಟ್ಟಿಯಾಗಿ ಮಗ್ಗಿ ಹೇಳಿಸುತ್ತಿದ್ದೆ. ಅವರು ಕಾರಣ ಕೇಳಲಿಲ್ಲ. ಗಂಟಲು ಹರಿಯುವಂತೆ ಹೇಳಿದರು.

ಕೊನೆಗೆ ಉಸ್ತಾನಿಯ ಅಣ್ಣ ಬಂದು ತಾಯಿಮಗುವನ್ನು ಹೈದರಾಬಾದಿಗೆ ಕರೆದೊಯ್ದರು. ಗಂಡನ ಸುದ್ದಿ ಸಿಗಲೇ ಇಲ್ಲ.

ಊರಿಗೆ ಹೋಗಿದ್ದ ಮಕ್ಕಳು ದಸರೆಯ ನಂತರ ಒಬ್ಬೊಬ್ಬರೇ ತಿರುಗಿ ಬಂದರು. "ಉಸ್ತಾನಿ ಯಾವಾಗ ಬರ್ತಾರ್ರಿ?" ಎಂದು ಕೇಳಿದರು. ಬರ್ತಾರ ಎಂದೆ. ಉಸ್ತಾನಿಯ ಸುಟ್ಟ ಓಣಿಯ ಕಡೆ ಹೋಗುವ ಧೈರ್ಯ ನನಗೆ ಆ ವರ್ಷವೆಲ್ಲ ಬರಲಿಲ್ಲ.