ಬಾಗಿನದ ಸೈಕಲ್ಲಿಗೆ ಒಂದು ಕಾಲು

ಈ ಸಲ ತಂಗಿಗೆ ಗೌರಿ ಬಾಗಿನವನ್ನು ಸೈಕಲ್ಲಿನಲ್ಲೇ ಒಯ್ಯುತ್ತೇನೆ ಎಂದು ನಮ್ಮ ಯಜಮಾನರು ಹೇಳಿದಾಗ ನಾನು ಕಾಯಿ ತುರಿಯುತ್ತಿದ್ದೆ. ತುರಿಯುವುದನ್ನು ನಿಲ್ಲಿಸಲಿಲ್ಲ. ನಿವೃತ್ತಿಯಾದ ಮೇಲೆ ಅವರು ಬೆಳಿಗ್ಗೆ ಇಂಥದ್ದೊಂದು ಹೇಳುತ್ತಾರೆ, ಸಂಜೆಗೆ ಮರೆಯುತ್ತಾರೆ. ಇದನ್ನು ಮರೆಯಲಿಲ್ಲ.

ನಾವಿರುವುದು ಅರಸೀಕೆರೆಯಲ್ಲಿ. ಅವರ ತಂಗಿಯನ್ನು ಕೊಟ್ಟಿರುವುದು ಬೇಲೂರಿಗೆ. ಬಿದಿರಿನ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ರವಿಕೆ ಕಣ, ಗಾಜಿನ ಬಳೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕಟ್ಟಿ, ಪ್ರತಿ ವರ್ಷ ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಅಣ್ಣನಾದವನು ಮಾಡಬೇಕಾದ ಕೆಲಸ. ಆದರೆ ಈ ವರ್ಷ ಮನೆಗೆ ಹೊಸ ಸೈಕಲ್ ಬಂದಿತ್ತು. ಊರೂರು ಸುತ್ತುವವರು ಕೊಳ್ಳುವಂಥದ್ದು. ಮುಂದೆ ಎರಡು ಚೀಲ, ಹಿಂದೆ ಎರಡು ಚೀಲ, ಹಿಂದಿನ ಚೀಲಗಳ ನಡುವೆ ಮೊರ ಕೂರುವಷ್ಟು ಅಗಲದ ಕ್ಯಾರಿಯರ್. ಕಣಕಟ್ಟೆಯ ಶಾಲೆಗೆ ಮೇಷ್ಟ್ರಾಗಿದ್ದಷ್ಟು ಕಾಲವೂ ಸೈಕಲ್ ತುಳಿದ ಮನುಷ್ಯ. ಅದನ್ನು ದಿನಾ ಒರೆಸುತ್ತಿದ್ದರು. ನನ್ನ ಕನ್ನಡಕವನ್ನು ಒಂದು ದಿನವೂ ಒರೆಸಿಕೊಟ್ಟವರಲ್ಲ.

ಸುದ್ದಿ ತಿಳಿದು ನಾದಿನಿ ಫೋನ್ ಮಾಡಿದಳು.

"ಅತ್ತಿಗೆ, ಅಣ್ಣಯ್ಯ ಸೈಕಲ್ಲಲ್ಲಿ ಬತ್ತಾನಂತೆ, ದಿಟವಾ?"

"ದಿಟ ಕಣವ್ವ. ಹೋದ ವಯಸ್ಸು ವಾಪಸ್ ಬಂದೈತೆ ಅವ್ರಿಗೆ. ಎಷ್ಟು ದಿನ ಇರ್ತದೋ ನೋಡಣ."

ಅವಳು ನಗಲಿಲ್ಲ. "ಬಳೆ ಒಡೀದಂಗೆ ತಂದ್ರೆ ಸಾಕು ಅತ್ತಿಗೆ. ಈ ವರ್ಷ ಒಂದು ಬಳೇನೂ ಒಡೀಬಾರ್ದು."

ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಮಳೆ ಹಿಡಿಯುವ ಮುಂಚೆ ಅವಳ ಗಂಡನಿಗೆ ಹೃದಯದ ಆಪರೇಷನ್ ಆಗಿತ್ತು. ಈಗ ಗುಣವಾಗಿದ್ದಾರೆ, ಅಂಗಡಿಬೀದಿಯವರೆಗೆ ನಡೆದು ಹೋಗಿ ಬರುತ್ತಾರೆ. ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರೂ ಇವಳು ಮಾತ್ರ ರಾತ್ರಿಯೆಲ್ಲ ಅವರ ಉಸಿರು ಕೇಳುತ್ತಾ ಮಲಗುತ್ತಾಳೆ. ತವರಿನ ಬಳೆ ಒಡೆದು ಬಂದರೆ ಅದನ್ನೇ ನೆನೆಸಿಕೊಂಡು ವರ್ಷವಿಡೀ ಕೊರಗುತ್ತಾಳೆ.

ಯಜಮಾನರಿಗೆ ಹೇಳಿದೆ. "ಸುಮ್ಮನೆ ಬಸ್ಸಿಗೆ ಹೋಗ್ರೀ."

"ಸೈಕಲ್ ಬೀಳ್ದಂಗೆ ನಿಂತ್ರೆ ಬಳೆ ಯಾಕೆ ಒಡೀತದೆ?" ಎಂದರು.

ಸೈಕಲ್ ನಿಲ್ಲುವುದಾದರೂ ಹೇಗೆ? ಅದಕ್ಕೆ ಸ್ಟ್ಯಾಂಡೇ ಇರಲಿಲ್ಲ. ಇಂಥ ಸೈಕಲ್ಲಿಗೆ ಸ್ಟ್ಯಾಂಡ್ ಕೊಡುವುದಿಲ್ಲವಂತೆ, ಗೋಡೆಗೆ ಒರಗಿಸಬೇಕಂತೆ. ಜಾವಗಲ್ ದಾರಿಯ ರಾಗಿ ಹೊಲದಲ್ಲಿ ಇವರಿಗೆ ಗೋಡೆ ಕಟ್ಟಿಸಿಕೊಡುವವರು ಯಾರು? ಜೊತೆಗೆ ಇವರ ಬಲ ಮಂಡಿ ಹೇಳಿದ ಮಾತು ಕೇಳುವುದಿಲ್ಲ. ತುಳಿಯಲು ಅಡ್ಡಿಯಿಲ್ಲ, ಬಗ್ಗಿ ಭಾರ ಎತ್ತಲು ಆಗುವುದಿಲ್ಲ. ದಾರಿಯಲ್ಲಿ ಸೈಕಲ್ ಬಿದ್ದರೆ ಅದನ್ನು ಎತ್ತಲು ಇನ್ನೊಬ್ಬರು ಬೇಕು.

ಮೊದಲು ಎಲ್ಲಿಂದಲೋ ಒಂದು ಸಣ್ಣ ಸ್ಟ್ಯಾಂಡ್ ತಂದು, ಪೆಡಲಿನ ಹಿಂದೆ ಬಿಗಿದು, ಚೀಲಗಳಿಗೆ ತೆಂಗಿನಕಾಯಿ ತುಂಬಿ ಅಂಗಳದಲ್ಲಿ ನಿಲ್ಲಿಸಿದರು. ನಾನು ಆಗಷ್ಟೇ ನೀರು ಚಿಮುಕಿಸಿದ್ದೆ. ಸ್ಟ್ಯಾಂಡಿನ ಕಾಲು ಮೆಲ್ಲಗೆ ಹಸಿ ನೆಲದೊಳಕ್ಕೆ ಇಳಿಯಿತು, ಮುಂದಿನ ಚಕ್ರ ಒಂದು ಸುತ್ತು ಹೊರಳಿತು, ಸೈಕಲ್ಲು ಎಮ್ಮೆ ಮಲಗುವ ಹಾಗೆ ನಿಧಾನವಾಗಿ ಮಲಗಿತು. ಕಾಯಿಗಳು ಉರುಳಿಕೊಂಡು ಚರಂಡಿಗೆ ಹೋದವು.

"ಎಬ್ಬಿಸಬೇಡಿ," ಎಂದೆ. "ಇನ್ನೂ ಬೇಲೂರಿಗೆ ಹೋಗ್ಬೇಕು, ಮಲಗಿರ್ಲಿ ಪಾಪ."

ಮಾರನೆಯ ದಿನ ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ನಮ್ಮ ಮಗನ ವಯಸ್ಸಿನವನು, ಬಾಯಿ ತುಂಬ ಎಲೆಅಡಿಕೆ. ಎರಡು ತರಹದ ಸ್ಟ್ಯಾಂಡ್ ತೆಗೆದು ಮುಂದಿಟ್ಟ. ಒಂದು ಎರಡು ಕಾಲಿನದು, ಸೈಕಲ್ ಅದರ ಮೇಲೆ ನೆಟ್ಟಗೆ ನಿಲ್ಲುತ್ತದೆ. ಯಜಮಾನರ ಕಣ್ಣು ಅದರ ಮೇಲೇ ಬಿತ್ತು.

"ಇದ್ಕೆ ಸೈಕಲ್ಲನ್ನ ಎತ್ತಿ ಹಿಂದಕ್ಕೆ ಎಳೀಬೇಕು ಮೇಷ್ಟ್ರೇ. ಲೋಡ್ ಸಮೇತ ಎತ್ತೀರಾ?"

"ಯಾಕೆ ಎತ್ತಲ್ಲ?" ಎಂದು ಬಗ್ಗಿದವರು ಹಾಗೇ ನಿಂತರು. ಮಂಡಿ ಹಿಡಿದಿತ್ತು. ಬಿದ್ದದ್ದೇನನ್ನೋ ಹುಡುಕುವವರಂತೆ ನೆಲ ನೋಡತೊಡಗಿದರು.

"ಏನಾದ್ರೂ ಸಿಕ್ತಾ?" ಎಂದೆ.

"ಸುಮ್ನಿರು ಕಣೇ."

ಇನ್ನೊಂದು ಒಂದೇ ಕಾಲಿನದು, ಆದರೆ ದಪ್ಪನೆಯದು. ಪೆಡಲಿನ ಹತ್ತಿರ ಅಲ್ಲ, ಹಿಂದಿನ ಚಕ್ರದ ಪಕ್ಕಕ್ಕೆ, ಭಾರ ಇರುವ ಕಡೆಯೇ ಎರಡು ಬೋಲ್ಟ್ ಹಾಕಿ ಕೂರಿಸುವುದು. ತುದಿಯಲ್ಲಿ ಅಗಲವಾದ ಪಾದ, ಮಣ್ಣಿನಲ್ಲಿ ಹೂತುಹೋಗದ ಹಾಗೆ. ಕಾಲಿನ ಉದ್ದವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಹುದು. ಉದ್ದ ಕಡಿಮೆಯಾದರೆ ಸೈಕಲ್ ತೀರಾ ವಾಲುತ್ತದೆ. ಹೆಚ್ಚಾದರೆ ನೆಟ್ಟಗಾಗಿ ಇನ್ನೊಂದು ಕಡೆಗೆ ಬೀಳುತ್ತದೆ. ಅದಕ್ಕೇ ಭಾರ ಹೇರಿಯೇ ಅಳತೆ ಮಾಡಬೇಕು ಎಂದ. ಅಳತೆಗೆ ಪಕ್ಕದ ಮಿಲ್ಲಿನಿಂದ ರಾಗಿಹಿಟ್ಟಿನ ಚೀಲಗಳನ್ನು ತರಿಸಿದೆವು. ಎರಡೂ ಬದಿಗೆ ಸಮನಾಗಿ ಹೇರಿ, ಕಾಲಿನ ಉದ್ದವನ್ನು ಅಷ್ಟಷ್ಟೇ ಸರಿಪಡಿಸಿ, ಮುಂದಿನ ಚಕ್ರ ಹೊರಳದಂತೆ ಬ್ರೇಕ್ ಒತ್ತಿ ಹಿಡಿದು ಅದಕ್ಕೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ ಇಬ್ಬರೂ ಸೇರಿ ನಿಲ್ಲಿಸಿದರು. ಯಜಮಾನರು ಸೀಟು ಹಿಡಿದು ಅಲ್ಲಾಡಿಸಿದರು. ಅದು ಕದಲಲಿಲ್ಲ.

"ನೋಡಿದ್ಯಾ?" ಎಂದರು ನನಗೆ.

ನೋಡಿದೆ. ಆದರೂ ನಂಬಿಕೆ ಬರಲಿಲ್ಲ. ಬೇಲೂರಿನ ದಾರಿಯಲ್ಲೇ, ಹಳೇಬೀಡಿನಲ್ಲಿ ನನ್ನ ತಂಗಿಯ ಮನೆ ಇದೆ. ಅವರು ಹೊರಟ ಬೆಳಿಗ್ಗೆ ನಾನೂ ಬಸ್ಸು ಹತ್ತಿದೆ, ತಂಗಿಯನ್ನು ನೋಡಬೇಕು ಎಂದು ಹೇಳಿ. ತಂಗಿ ನನ್ನನ್ನು ನೋಡಿ, "ಭಾವನ ಕಾವಲಿಗೆ ಬಂದಿದೀಯಾ?" ಎಂದಳು. ನಾನು ಹೋಗಿ ದಾರಿ ಕಾಣುವ ಕಡೆ ಕೂತೆ.

ಊಟದ ಹೊತ್ತಿಗೆ ಯಜಮಾನರು ಬಂದರು. ಬೆವರು ಸುರಿಯುತ್ತಿದ್ದರೂ ಮದುವೆ ಗಂಡಿನ ಕಳೆ. ಕ್ಯಾರಿಯರ್ ಮೇಲೆ ನನ್ನ ಹಳೇ ಸೀರೆಯಲ್ಲಿ ಸುತ್ತಿದ ಮೊರ ಅಲುಗದೆ ಕೂತಿತ್ತು. ಜಗಲಿಯ ಪಕ್ಕದಲ್ಲೇ ಸ್ಟ್ಯಾಂಡ್ ಹಾಕಿ, ಬ್ರೇಕಿಗೆ ರಬ್ಬರ್ ಸುತ್ತಿ ಊಟಕ್ಕೆ ಹೋದರು. ಸ್ಟ್ಯಾಂಡಿನ ಕಾಲು ಎಡಕ್ಕೆ, ಬೀದಿಯ ಕೆಸರಿನ ಕಡೆಗೆ. ಜಗಲಿ ಬಲಕ್ಕೆ. ನಾನು ಜಗಲಿಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದೆ.

ನಾವು ಅರಸೀಕೆರೆಯಲ್ಲಿ ಎಲ್ಲ ಯೋಚಿಸಿದ್ದೆವು, ಒಂದನ್ನು ಬಿಟ್ಟು. ಬಾಗಿನ ಹೊತ್ತು ಹೊರಟವರನ್ನು ನಮ್ಮ ಕಡೆ ಯಾರೂ ಬರಿಗೈಲಿ ಮುಂದಕ್ಕೆ ಕಳಿಸುವುದಿಲ್ಲ.

ತಂಗಿ ಬಂದು ಹತ್ತಾರು ಮೆಕ್ಕೆಜೋಳದ ತೆನೆಗಳನ್ನು ಚೀಲಕ್ಕೆ ತುರುಕಿದಳು. "ಬೇಲೂರವ್ರಿಗೆ ಬೇಯಿಸ್ಕೊಳ್ಳಕ್ಕೆ." ಜಗಲಿಯಿಂದ ಕೈಗೆ ಸಿಗುವುದು ಬಲಗಡೆಯ ಚೀಲ, ಅದಕ್ಕೇ ಹಾಕಿದಳು. ಕೆಸರಿಗೆ ಇಳಿಯುವವರು ಯಾರು? ಅಷ್ಟರಲ್ಲಿ ಪಕ್ಕದ ಮನೆಯಾಕೆ ನಾಲ್ಕು ಸೌತೆಕಾಯಿ ತಂದಳು. ಅವೂ ಬಲಕ್ಕೇ ಹೋದವು. ವಾಲಿಕೊಂಡಿದ್ದ ಸೈಕಲ್ ಬೆನ್ನು ನೆಟ್ಟಗೆ ಮಾಡುತ್ತಿರುವುದು ನನಗೆ ಕಾಣುತ್ತಲೇ ಇತ್ತು. ಬೇಡ ಎನ್ನುವಷ್ಟರಲ್ಲಿ ಆಕೆ ತನ್ನ ಮನೆಯೊಳಗೆ ಹೋಗಿ ಒಂದು ಕುಂಬಳಕಾಯಿ ತಂದು ಬಲಗಡೆ ನೇತುಹಾಕಿ, "ಸಾಂಬಾರ್ ಮಾಡ್ಕೊಳ್ಳಿ" ಎಂದು ಹೇಳಿ ಹೊರಟುಹೋದಳು.

ಸ್ಟ್ಯಾಂಡಿನ ಪಾದ ಕೆಸರಿನಿಂದ ಮೇಲೆದ್ದಿತು. ಇಡೀ ಸೈಕಲ್ಲು ಬಾಗಿನದ ಸಮೇತ ನನ್ನ ಕಡೆಗೆ ಬಂತು. ಎಲೆ ಬಿಸಾಕಿ ಎರಡೂ ಕೈಯಲ್ಲಿ ತಬ್ಬಿಕೊಂಡೆ. ಕುಂಬಳಕಾಯಿ ತೊಡೆಯ ಮೇಲೆ, ಹ್ಯಾಂಡಲ್ಲು ಹೆಗಲ ಮೇಲೆ, ಮೊರ ಕೆನ್ನೆಗೆ. ಬಿಟ್ಟರೆ ಮೊರ ಹೋಗಿ ಜಗಲಿಯ ಕಲ್ಲಿಗೆ ಬಡಿಯುತ್ತದೆ. ಕೂಗಿದೆ. ಒಳಗೆ ತಂಗಿಯ ಮಿಕ್ಸಿ ಓಡುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಯಜಮಾನರು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದದ್ದು ಮಾತ್ರ ಬಾಗಿಲಿನಿಂದ ಕಾಣುತ್ತಿತ್ತು.

ಕೈ ತೊಳೆಯಲು ಹೊರಗೆ ಬಂದಾಗ ನನ್ನನ್ನು ಕಂಡರು.

"ಇದೇನೇ, ಸೈಕಲ್ ತಬ್ಕೊಂಡು ಕೂತಿದೀಯ?"

"ಹೊಸಾದಲ್ವಾ, ಮುದ್ದು ಬಂತು. ಮೊದ್ಲು ಹಿಡ್ಕೊಳ್ರೀ, ಬಳೆ ಹೋದಾವು."

ಅವರು ಎಂಜಲು ಕೈಯಲ್ಲೇ ಓಡಿ ಬಂದು ಹಿಡಿದರು. ತಂಗಿಯೂ ಬಂದಳು. ಕೊಟ್ಟದ್ದನ್ನು ವಾಪಸ್ ತೆಗೆಯುವ ಹಾಗಿಲ್ಲ. ಮೆಕ್ಕೆಜೋಳವನ್ನು ಎಡದ ಚೀಲಕ್ಕೆ ಸುರಿದೆವು. ಸೌತೆಕಾಯಿಯನ್ನು ಮುಂದಿನ ಚೀಲಗಳಿಗೆ ಎರಡೆರಡು ಹಂಚಿದೆವು. ಕುಂಬಳಕಾಯಿಗೆ ಎಲ್ಲೂ ಜೋಡಿ ಸಿಗಲಿಲ್ಲ, ಅದು ನನ್ನ ಜೊತೆ ಬಸ್ಸಿಗೆ ಬಂತು. ಯಜಮಾನರು ಮೊರದ ಗಂಟು ಬಿಚ್ಚಿ ನೋಡುವ ಧೈರ್ಯ ಮಾಡಲಿಲ್ಲ. "ಅಲ್ಲೇ ನೋಡಣ" ಎಂದರು. ಅವರ ದನಿ ಇಳಿದಿತ್ತು. ನನಗೂ ಛೇಡಿಸಲು ಮನಸ್ಸಾಗಲಿಲ್ಲ.

ಬೇಲೂರಿಗೆ ನಾನು ಮೊದಲು ತಲುಪಿ, ಅಂಗಡಿಯಲ್ಲಿ ಕಂಡ ಎರಡು ತರಹದ ಸ್ಟ್ಯಾಂಡಿನ ಕತೆ ಹೇಳಿದ್ದೆ. ಅವರು ಬಂದದ್ದು ಸಂಜೆಗೆ. ನಾದಿನಿ ಅಣ್ಣನಿಗೆ ನೀರು ಕೊಟ್ಟು, ಮೊರವನ್ನು ಒಳಗೆ ಒಯ್ದು ದೇವರ ಮುಂದಿಟ್ಟು ಬಿಚ್ಚಿದಳು. ಅವಳ ಗಂಡ ಮಂಚದ ಮೇಲೆ ಕೂತು ನೋಡುತ್ತಿದ್ದರು. ಅವಳು ಅಕ್ಕಿಯೊಳಗಿಂದ ಬಳೆಯ ಕಟ್ಟು ತೆಗೆದು, ಹತ್ತಿ ಸರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಬೆರಳಿನಲ್ಲಿ ಸುತ್ತಿಸಿ ನೋಡಿದಳು. ಯಜಮಾನರು ನೀರಿನ ಲೋಟವನ್ನು ಕೈಯಲ್ಲೇ ಇಟ್ಟುಕೊಂಡಿದ್ದರು, ಕುಡಿದಿರಲಿಲ್ಲ.

ಒಂದೂ ಒಡೆದಿರಲಿಲ್ಲ.

"ದಾರೀಲಿ ಬೀಳ್ಲಿಲ್ವ ಅಣ್ಣಯ್ಯ?"

ಹೊಸ ಸ್ಟ್ಯಾಂಡಿನ ಗುಣಗಾನ ಶುರುವಾಗುತ್ತದೆ ಎಂದುಕೊಂಡೆ. ಅವರು ನನ್ನ ಕಡೆ ನೋಡಿದರು. "ಬೀಳೋದ್ರಲ್ಲಿತ್ತು ಕಣವ್ವ. ನಿಮ್ಮತ್ತಿಗೆ ತಬ್ಬಿ ಹಿಡ್ಕೊಂಡ್ಲು."

ನಾದಿನಿ ಬಳೆಗಳನ್ನು ಎರಡೂ ಕೈಗೆ ಏರಿಸಿಕೊಂಡಳು. ಮಂಚದಿಂದ ಅವಳ ಗಂಡ ಕೇಳಿದರು, "ಭಾವ, ಆ ಅಂಗಡೀಲಿ ಎರಡು ಕಾಲಿಂದೂ ಐತಂತಲ್ಲ. ನಂಗೊಂದು ತರ್ಬಾರ್ದಾ? ಇವ್ಳು ಬೀದಿ ತನಕ ನನ್ನ ತೋಳು ಹಿಡ್ಕೊಂಡೇ ಬತ್ತಾಳೆ. ನೋಡ್ದೋರು, ಪೊಲೀಸ್ನೋರು ಹಿಡ್ಕೊಂಡೋಗ್ತಾವ್ರೆ ಅನ್ಕೋತಾರೆ."

"ಹೋಗ್ರೀ ಅತ್ಲಾಗೆ" ಎಂದಳು ನಾದಿನಿ. ನಗು ತಡೆಯಲಾಗದೆ ಸೆರಗನ್ನು ಬಾಯಿಗಿಟ್ಟುಕೊಂಡಳು. ಆಪರೇಷನ್ ಆದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಜೋಳ ಬೇಯಿಸಲು ಎದ್ದು ಒಳಗೆ ಹೋದಳು. ಅವಳ ಗಂಡ ಚಪ್ಪಲಿ ಮೆಟ್ಟಿಕೊಂಡು, ಒಬ್ಬರೇ, ಸೈಕಲ್ ನೋಡಲು ಅಂಗಳಕ್ಕೆ ಇಳಿದರು. ಅಡಿಗೆಮನೆಯಿಂದ ಅವಳಿಗೆ ಅದು ಕಾಣುತ್ತಿತ್ತು. ಹೋಗಿ ತೋಳು ಹಿಡಿಯಲಿಲ್ಲ.