ಕಾಂಗೋಕ್ಕೆ ಹೊರಟ ಪೆಟ್ಟಿಗೆ

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊತ್ತು ಮನೆ ಕಟ್ಟಿದವನು ನಾನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ನಮ್ಮ ಕೇರಿಯಲ್ಲಿ ಯಾರಿಗೆ ಕಾಗದ ಬಂದರೂ ಓದಿ ಹೇಳುವವನು ನಾನೇ. ಆ ಮರ್ಯಾದೆಯನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ.

ಕೊಂಕಣ ರೈಲು ಓಡಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಪಕ್ಕದ ಮನೆಯ ಅಕ್ಕ ಬುಟ್ಟಿ ಹೊತ್ತು ಮೀನು ಮಾರುವವಳು. ಅವಳ ಒಬ್ಬನೇ ಮಗ ಮಿಲಿಟರಿಯಲ್ಲಿದ್ದ. ಶಾಂತಿ ಕಾಯುವ ಪಡೆಯ ಜೊತೆ ಆಫ್ರಿಕಾದ ಕಾಂಗೋಕ್ಕೆ ಹೋಗಿದ್ದ. ಒಂದು ದಿನ ಅವನ ಕಾಗದ ಬಂತು. ಅಲ್ಲಿ ಕರಾವಳಿಯವರು ಆರು ಜನ ಇದ್ದಾರೆ, ಊರಿನ ರುಚಿಯೇ ಮರೆತುಹೋಗಿದೆ, ಬ್ರಹ್ಮಾವರದ ಗೆಳೆಯನೊಬ್ಬ ರಜೆಯಲ್ಲಿ ಬಂದಿದ್ದಾನೆ, ಅವನ ಕೈಯಲ್ಲಿ ಒಣ ಚಟ್ನಿ ಕಳಿಸಿ ಎಂದು ನಾನು ಗಟ್ಟಿಯಾಗಿ ಓದಿದೆ.

"ಚಟ್ನಿಯಾ?" ಅಕ್ಕ ಹುಬ್ಬೇರಿಸಿದಳು. "ಮನೆಯಂಗೆ ಚಟ್ನಿ ಕಂಡ್ರೆ ಎದ್ದ್ ಹೋಪವ ಅಂವ."

"ಪರದೇಶಕ್ಕೆ ಹೋದವ್ರ ನಾಲ್ಗಿ ಬದಲಾತ್ತ್ ಅಕ್ಕ."

ಕೇರಿಗೆ ಕೇರಿಯೇ ಎದ್ದು ಕುಳಿತಿತು. ನಮ್ಮವರು ದೇಶ ಬಿಟ್ಟು ಕಾವಲು ನಿಂತಿದ್ದಾರೆ, ನಾವು ಸುಮ್ಮನಿರುವುದೇ? ಒಬ್ಬರು ಹಪ್ಪಳ ತಂದರು, ಇನ್ನೊಬ್ಬರು ಮಾವಿನ ಮಿಡಿ ಉಪ್ಪಿನಕಾಯಿ. ನಾನು ರಜೆ ಹಾಕಿ ಸಾಲಿಗ್ರಾಮಕ್ಕೆ ಬಸ್ಸು ಹತ್ತಿದೆ. ಅಲ್ಲಿನ ಅಡುಗೆ ಭಟ್ಟರೊಬ್ಬರ ಚಟ್ನಿ ಹುಡಿಗೆ ಸುತ್ತಲೂ ಹೆಸರು. ಸಂಗತಿ ಕೇಳಿದ್ದೇ ಭಟ್ಟರು ಅಂದೇ ಕೊಬ್ಬರಿ ಹುರಿದು ಎರಡು ದೊಡ್ಡ ಡಬ್ಬಿ ತುಂಬಿಸಿ ಕೊಟ್ಟರು. ಕಿಸೆಗೆ ಕೈ ಹಾಕಿದ್ದಕ್ಕೆ ಬೈದರು.

ಹೊರಡುವ ದಿನ ಬೆಳಿಗ್ಗೆ ಆ ಗೆಳೆಯ, ಬ್ರಹ್ಮಾವರದ ಜವಾನ, ಚೀಲ ಹೊತ್ತು ಬಂದ. ಮಧ್ಯಾಹ್ನ ಕುಂದಾಪುರದಿಂದ ರೈಲು. ನಾವು ತುಂಬಿಟ್ಟ ಪೆಟ್ಟಿಗೆಯೊಳಗೆ ಇಣುಕಿ ಕೇಳಿದ, "ಚಟ್ಲಿ ಎಲ್ಲಿತ್ತ್?"

"ಎಂತ ಚಟ್ಲಿ?"

"ಒಣ ಚಟ್ಲಿ ಮಾರಾಯ್ರೆ. ಚಟ್ಲಿ ಚಟ್ಲಿ ಅಂದ್ಹೇಳಿ ಅಂವ ನಮ್ಮ ತಲಿ ತಿಂತಾ ಇದ್ದ."

ಒಳಗೆ ಹೋಗಿ ಕಾಗದ ತಂದು ನೋಡಿದೆ. ಟ ಅಕ್ಷರದ ಕೆಳಗೆ ಇದ್ದದ್ದು ಲ ಒತ್ತು. ನಾನು ಅದನ್ನು ನ ಮಾಡಿದ್ದೆ. ಸೀಗಡಿ ಕೇಳಿದ ಹುಡುಗನಿಗೆ ಕೊಬ್ಬರಿ ಹುಡಿ ಕಟ್ಟಿದ್ದೆ.

"ತಪ್ಪ್ ಓದಿದ್ದ್ ನಾನೇ ಅಕ್ಕ," ಅಂದೆ. ಅಷ್ಟು ಜನರ ಎದುರು ಈ ಮಾತು ಬಾಯಿಂದ ಹೊರಡಿಸುವುದು ಮಂಜುಗಡ್ಡೆ ಹೊತ್ತದ್ದಕ್ಕಿಂತ ಭಾರವಾಗಿತ್ತು.

"ಅದೆಲ್ಲ ಮತ್ತೆ ಮಾತಾಡ್ವ," ಎಂದು ಅಕ್ಕ ಸೆರಗು ಸಿಕ್ಕಿಸಿದಳು. "ನೀ ಮೊದ್ಲ್ ಒಲಿ ಹಚ್ಚ್."

ನಾನು ಒಣ ಮೀನಿನ ಶೆಡ್ಡಿಗೆ ಓಡಿ ಚಟ್ಲಿ ಹೊತ್ತು ತಂದೆ. ಹೆಂಗಸರು ಸುತ್ತ ಕುಳಿತು ತಲೆ, ಬಾಲ ಚಿವುಟಿದರು. ಅಕ್ಕ ದೊಡ್ಡ ಬಾಣಲೆಯಲ್ಲಿ ಹುರಿದಳು. ಘಮ ಬಂದರಿನವರೆಗೂ ಹೋಗಿರಬೇಕು. ದೋಣಿಯವರೂ ಬಂದು ನಿಂತರು. ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಸೈಕಲ್ ಟ್ಯೂಬು ಬಿಗಿದು, ಭಟ್ಟರ ಡಬ್ಬಿಗೆ ತಾಗದ ಹಾಗೆ ನಡುವೆ ಹಲಗೆ ಇಟ್ಟೆ.

ಜವಾನನ ಚೀಲದ ಜೊತೆ ತೂಗಿದರೆ ಮೂರು ಕಿಲೋ ಜಾಸ್ತಿ. ವಿಮಾನದಲ್ಲಿ ಅವನಿಗೆ ಒಯ್ಯಲು ಬಿಡುವ ತೂಕ ಮೀರಿತ್ತು.

"ಚಟ್ನಿ ತೆಗಿವ," ಅಂದಳು ಅಕ್ಕ.

"ಆ ಭಟ್ರ್ ಬೆವ್ರ್ ಸುರ್ಸಿ ಮಾಡಿದ್ದ್. ಅದ್ನ್ ತೆಗುಕಾತಿಲ್ಲೆ," ಎಂದು ನಾನು ಅಡ್ಡ ನಿಂತೆ.

ಜವಾನ ಇಬ್ಬರ ಮುಖವನ್ನೂ ನೋಡಿದ. ತನ್ನ ಚೀಲ ಬಿಚ್ಚಿ ಬೂಟು, ಉಣ್ಣೆಯ ಅಂಗಿ, ದಪ್ಪ ಕೋಟು ತೆಗೆದ. ಆ ಸುಡುಬಿಸಿಲಲ್ಲಿ ಒಂದೊಂದಾಗಿ ಎಲ್ಲವನ್ನೂ ಮೈಮೇಲೆ ಹಾಕಿಕೊಂಡ.

"ಈಗ ತೂಕ ಮಾಡಿ. ನನ್ನನ್ನ ಯಾರೂ ತೂಗುದಿಲ್ಲೆ."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೇ ಪೆಟ್ಟಿಗೆಯನ್ನು ದೋಣಿಗೇರಿಸಿದೆವು. ಹೊಳೆ ದಾಟಿ, ರಿಕ್ಷಾದಲ್ಲಿ ಸ್ಟೇಷನ್ ಮುಟ್ಟಿದಾಗ ರೈಲು ಬಂದು ನಿಂತಿತ್ತು. ಕೋಟಿನೊಳಗೆ ಬೆವರು ಸುರಿಸುತ್ತಾ ಜವಾನ ಬಾಗಿಲಲ್ಲಿ ನಿಂತ. ಗಾಡಿ ಕದಲಿತು. ಅಕ್ಕ ಪಕ್ಕದಲ್ಲೇ ಓಡಿದಳು.

"ಹ್ವಾಯ್ ತಮ್ಮ, ದಾರಿಯಂಗೆ ಮುಚ್ಚಳ ತೆಗಿಬೇಡ."

"ಚಟ್ಲಿ ಕಮ್ಮಿ ಆರೆ, ಅಕ್ಕನೇ ಕಮ್ಮಿ ಹಾಕಿತ್ ಅಂದ್ಹೇಳ್ತೆ," ಎಂದ ಅವನು.

ಅಕ್ಕ ಅವನಿಗೆ ಬೈಯುತ್ತಲೇ, ಬೋಗಿ ಕಣ್ಣಿಗೆ ಕಾಣುವಷ್ಟು ಹೊತ್ತೂ ಕೈ ಬೀಸಿದಳು.