ಕೈ ಬಿಟ್ಟರೂ ನಿಲ್ಲುವ ಗಾಡಿ

ಪುಟ್ಟಮಾದಯ್ಯ ತೀರಿಕೊಂಡ. ಶುಕ್ರವಾರ ಬೆಳಿಗ್ಗೆ, ವೈದ್ಯನಾಥಪುರದಲ್ಲಿ, ಹೊಳೆಗೆ ಇಳಿಯುವ ಬೀದಿಯ ಬದಿಯಲ್ಲಿ ಕೂತಲ್ಲೇ ಪ್ರಾಣ ಹೋಯಿತು. ಜೊತೆಯಲ್ಲಿ ಮೊಮ್ಮಗಳು ಗಗನ ಇದ್ದಳು, ಇನ್ನೂ ಮಾತು ಬಾರದ ಕೂಸು, ತಳ್ಳುವ ಗಾಡಿಯಲ್ಲಿ. ಬೇರೆ ಯಾರೂ ಇರಲಿಲ್ಲ.

ಆ ಗಾಡಿಯನ್ನು ಅವನು ಹೇಗೆ ಆರಿಸಿದ ಎಂಬುದನ್ನು ಹೇಳಿದರೆ ಅವನ ವಿಷಯ ಮುಕ್ಕಾಲು ಪಾಲು ಹೇಳಿದಂತೆ.

ಅವನು ಸರ್ಕಾರಿ ಬಸ್ಸಿನ ಡ್ರೈವರು. ಮಳವಳ್ಳಿ, ಮದ್ದೂರು, ಮಂಡ್ಯ ಅವನ ದಾರಿ. ಶನಿವಾರ ಬಂದರೆ ಮುತ್ತತ್ತಿ. ಆಂಜನೇಯನ ಭಕ್ತರನ್ನು ತುಂಬಿಕೊಂಡು ಕಾಡಿನ ಇಳಿಜಾರು ಇಳಿದು, ಕಾವೇರಿಯ ಕಡೆ ಮೂತಿ ಮಾಡಿ ಬಸ್ಸು ನಿಲ್ಲಿಸುತ್ತಿದ್ದ. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಆಮೇಲೂ ಸೀಟು ಬಿಟ್ಟು ಏಳುತ್ತಿರಲಿಲ್ಲ. ಕಂಡಕ್ಟರ್ ತಿಮ್ಮಯ್ಯನಿಗೆ ಕೂಗುತ್ತಿದ್ದ: "ಕಲ್ ಕೊಡ್ಲಾ."

ಗಾಲಿಗೆ ಕಲ್ಲು ಕೊಟ್ಟ ಸದ್ದು ಕೇಳಿದ ಮೇಲೇ ಅವನು ಇಳಿಯುವುದು.

"ಬ್ರೇಕ್ ಇಲ್ವೇನ್ಲಾ ನಿನ್ ಬಸ್ಗೆ?" ಎಂದು ತಿಮ್ಮಯ್ಯ ರೇಗಿಸುತ್ತಿದ್ದ.

"ಬ್ರೇಕು ಮನ್ಸ ಮಾಡಿರೋದು ಕಣ್ಲಾ. ಕೆಟ್ಟೋಯ್ತದೆ. ಕಲ್ಲು ಏನ್ ಕೆಟ್ಟೋದದು?"

ನಿವೃತ್ತಿಯಾದ ಮೇಲೆ ಅವನಿಗೆ ಎದೆನೋವು ಬಂತು, ಮೈಸೂರಿನಲ್ಲಿ ಸ್ಟೆಂಟ್ ಹಾಕಿದರು, ಭಾರ ಎತ್ತಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಅದೇ ಹೊತ್ತಿಗೆ ಮಗಳು ದೀಪಿಕ ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಮಂಡ್ಯದ ಲ್ಯಾಬೊಂದರಲ್ಲಿ ಅವಳ ಕೆಲಸ, ಬೆಳಿಗ್ಗೆ ರೈಲಿಗೆ ಹೋದರೆ ಸಂಜೆ ವಾಪಸ್ಸು. ಗಂಡ ಶಿವರಾಜು ಲೈನ್‌ಮನ್, ದೂರದ ಜಿಲ್ಲೆಗೆ ವರ್ಗವಾಗಿದ್ದ. ಪುಟ್ಟಮಾದಯ್ಯನ ಹೆಂಡತಿ ನಾಗಮಣಿ ಅಂಗನವಾಡಿ ಟೀಚರು, ಮಧ್ಯಾಹ್ನದವರೆಗೆ ಮನೆಯಲ್ಲಿರುವುದಿಲ್ಲ. ಹಾಗಾಗಿ ಬೆಳಗಿನ ಹೊತ್ತೆಲ್ಲ ಗಗನ ತಾತನ ಪಾಲಿಗೆ.

ತಾತನಿಗೆ ಆಗದಿದ್ದರೆ ಏನು ಮಾಡುವುದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಮಳವಳ್ಳಿಯಲ್ಲಿ ದೀಪಿಕಳ ಅತ್ತೆ ಶಿವನಂಜಮ್ಮ ಇದ್ದರು. ಒಳ್ಳೆಯ ಹೆಂಗಸು, ಮೊಮ್ಮಗಳಿಗಾಗಿ ತೊಟ್ಟಿಲು ತೊಳೆದಿಟ್ಟುಕೊಂಡೇ ಕಾಯುತ್ತಿದ್ದರು. ಆದರೆ ಕೂಸು ಅಲ್ಲಿಗೆ ಹೋದರೆ ದೀಪಿಕಳಿಗೆ ಅದರ ಮುಖ ಸಿಗುವುದು ಭಾನುವಾರಕ್ಕೆ. ಸಂಜೆ ರೈಲಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಕೂಸನ್ನು ಎದೆಗವಚಿಕೊಳ್ಳುವುದನ್ನು ಪುಟ್ಟಮಾದಯ್ಯ ದಿನವೂ ನೋಡುತ್ತಿದ್ದ. "ನಾನಿವ್ನಿ, ಬುಡವ್ವ" ಎಂದುಬಿಟ್ಟಿದ್ದ.

ಗಗನಳಿಗೆ ಬೀದಿ ಬೇಕು. ಮನೆಯೊಳಗಿದ್ದರೆ ಅಳು, ಹೊರಗೆ ನಡೆದಾಡಿದರೆ ನಿದ್ದೆ. ಡಾಕ್ಟರ ಮಾತು ಬದಿಗಿಟ್ಟು ಅವನು ಎತ್ತಿಕೊಂಡೇ ತಿರುಗುತ್ತಿದ್ದ. ಒಂದು ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ಕಣ್ಣು ಕತ್ತಲಿಟ್ಟಿತು. ಕಟ್ಟೆಗೆ ಬೆನ್ನು ಕೊಟ್ಟು ಜಾರಿ ಕೂತದ್ದಷ್ಟೇ ನೆನಪು. ಎಚ್ಚರವಾದಾಗ ಕೂಸು ತೊಡೆಯ ಮೇಲೆ ಅವನ ಅಂಗಿಯ ಗುಂಡಿ ಚೀಪುತ್ತಿತ್ತು. ಅದೆಷ್ಟು ಹೊತ್ತು ಹಾಗಿದ್ದನೋ ಅವನಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಮಾರನೆಯ ದಿನದಿಂದ ಸ್ಕೂಟರ್ ಮುಟ್ಟಲಿಲ್ಲ. ಯಾಕೆಂದು ನಾಗಮಣಿ ಕೇಳಿದ್ದಕ್ಕೆ, "ಮೈಲೇಜ್ ಕೊಡ್ತಿಲ್ಲ" ಎಂದ. ಅವಳು ಅವನ ಮುಖವನ್ನೇ ನೋಡಿ, ಬೀಗದಕೈ ತೆಗೆದು ಒಳಗಿಟ್ಟಳು.

ತಿಮ್ಮಯ್ಯನಿಗೆ ಮಾತ್ರ ಹೇಳಿದ. ಮಂಡ್ಯಕ್ಕೆ ಗಾಡಿ ತರಲು ಜೊತೆಗೆ ಬಾ ಎಂದು ಕರೆದದ್ದೂ ಅವನನ್ನೇ.

ಸೋಮವಾರ ಮಧ್ಯಾಹ್ನ ಹೊರಡುವಾಗ ನಾಗಮಣಿ ಅಡುಗೆಮನೆಯಿಂದ ರುಬ್ಬುವ ಗುಂಡನ್ನು ತಂದು ಕೈಚೀಲದಲ್ಲಿಟ್ಟಳು. ಗಗನಳ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿ, ಅರಿಶಿನ ಕುಂಕುಮ ಹಚ್ಚಿ, ಗುಂಡಪ್ಪ ಎಂದು ಕರೆದು ತೂಗಿದ್ದು ಇದೇ ಕಲ್ಲನ್ನು.

"ಬರೀ ತೊಟ್ಲು ತೂಗ್ತಾರಾ ಯಾರಾದ್ರೂವೆ? ಬರೀ ಗಾಡಿ ತಳ್ಕಂಡ್ ಮನೇಗ್ ಬರ್ಬೇಡಿ, ಕೂಸಿಗೆ ಒಳ್ಳೇದಲ್ಲ. ಅದುಕ್ಕೆ ನೆಗ್ಡಿ ಬೇರೆ, ಕರ್ಕಂಡೋಗಂಗಿಲ್ಲ. ಗುಂಡಪ್ಪನ್ನ ಕೂರುಸ್ಕಂಡ್ ಬನ್ನಿ."

ಬೇರೆ ದಿನವಾಗಿದ್ದರೆ ಪುಟ್ಟಮಾದಯ್ಯ ನಕ್ಕು ಬಿಟ್ಟು ಹೋಗುತ್ತಿದ್ದ. ಅಂದು ಚೀಲದೊಳಗೆ ಇಣುಕಿ ನೋಡಿದ. ಭಾರ ಹೆಚ್ಚೂಕಡಿಮೆ ಕೂಸಿನಷ್ಟೇ. "ಆಯ್ತು ಕಣೆ" ಎಂದ.

ಚೀಲ ಹೊತ್ತವನು ತಿಮ್ಮಯ್ಯ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, "ಕಂಡಕ್ಟರ್ ಆಗಿ ಜನುಮ ಸವೆಸ್ದೆ, ಕಲ್ಗೆ ಟಿಕೆಟ್ ಅರ್ದಿರ್ಲಿಲ್ಲ ಕಣ್ಲಾ. ಇವತ್ ಅರೀತಾರೋ ಏನೋ" ಎಂದ. ಪುಟ್ಟಮಾದಯ್ಯ ನಗಲಿಲ್ಲ. ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದ.

"ಮನೇಲಿ ಯೋಳ್ದಾ?" ತಿಮ್ಮಯ್ಯ ದನಿ ತಗ್ಗಿಸಿದ.

"ಯೋಳುದ್ರೆ ಕೂಸು ಮಳವಳ್ಳಿಗೋಯ್ತದೆ."

"ಯೋಳ್ದೆ ಇದ್ರೆ ಎಲ್ಲಿಗೋದದು? ಯೋಚ್ನೆ ಮಾಡಿದಿಯಾ?"

 ಪುಟ್ಟಮಾದಯ್ಯನ ಮನೆಯ ಮುಂದಿನ ರಸ್ತೆ ಅರಳಿಕಟ್ಟೆಯವರೆಗೆ ಸಮ, ಅಲ್ಲಿಂದ ಒಂದು ಬೀದಿ ಶಿಂಷಾ ಹೊಳೆಗೆ ಇಳಿಜಾರು. ಕೊನೆಗೆ ಮೆಟ್ಟಿಲು, ಮೆಟ್ಟಿಲಿನ ಕೆಳಗೆ ಮಡುವು. ಅವನು ಯೋಚಿಸದೆ ಇದ್ದ ರಾತ್ರಿಯೇ ಇರಲಿಲ್ಲ.

ಅಂಗಡಿಯಲ್ಲಿ ಶಾಲಿನಿ ಎಂಬ ಹುಡುಗಿ ಗಾಡಿಗಳನ್ನು ತೋರಿಸಿದಳು. ದೀಪಿಕ ಮೊಬೈಲಿಗೆ ಕಳಿಸಿದ್ದ ಫೋಟೋದಲ್ಲಿದ್ದದ್ದು ಹಗುರವಾದ, ಕೊಡೆಯಂತೆ ಮಡಚುವ ಗಾಡಿ. ರಜೆಯಲ್ಲಿ ಗಂಡನ ಊರಿಗೆ ಹೋಗುವಾಗ ರೈಲಿಗೆ ಏರಿಸಲು ಸಲೀಸು ಎಂದಿದ್ದಳು. ಅದೂ ಅಲ್ಲಿತ್ತು, ನೀಲಿ ಬಣ್ಣದ್ದು.

"ಕೈ ಬುಟ್ರೆ ನಿಂತ್ಕತದೇನವ್ವಾ ಇದು?" ಪುಟ್ಟಮಾದಯ್ಯ ಕೇಳಿದ.

"ಬ್ರೇಕ್ ಇದೆ ಸಾರ್, ಇಲ್ಲಿ ಒತ್ತಿದ್ರೆ ನಿಲ್ಲುತ್ತೆ."

"ಒತ್ತುದ್ರೆ ಸರಿ. ಒತ್ತಕಾಗ್ದೆ ಕೈ ಬುಟ್ರೆ?"

ಶಾಲಿನಿಗೆ ಅರ್ಥವಾಗಲಿಲ್ಲ. "ಕೈ ಯಾಕೆ ಬಿಡ್ತೀರ ಸಾರ್?"

ತಿಮ್ಮಯ್ಯ ಅಂಗಡಿಯ ಇನ್ನೊಂದು ಮೂಲೆಯಲ್ಲಿ ತೂಗುಹಾಕಿದ್ದ ಗಿಲಕಿಗಳನ್ನು ನೋಡತೊಡಗಿದ. ಪುಟ್ಟಮಾದಯ್ಯ, "ಯಾರಾದ್ರೂ ಕೂಗುದ್ರೆ ತಿರುಗ್ತೀವಲ್ಲವ್ವ, ಅಂಗೆ" ಎಂದ.

ಹಾಗೆ ತಂತಾನೇ ನಿಲ್ಲುವ ಗಾಡಿ ಅವಳ ಹತ್ತಿರ ಇರಲಿಲ್ಲ. ಬೇರೆ ಎಲ್ಲೂ ನೋಡಿಲ್ಲ ಎಂದಳು. ಹಾಗಿದ್ದರೆ ಒಂದೇ ಒದೆತಕ್ಕೆ ಬ್ರೇಕು ಬೀಳುವುದು ಯಾವುದು, ಬಿದ್ದದ್ದು ಗಟ್ಟಿಯಾಗಿ ಹಿಡಿಯುವುದು ಯಾವುದು ಎಂದ. ಕೈಚೀಲದಿಂದ ಗುಂಡು ಹೊರಗೆ ಬಂತು. ನೀಲಿ ಗಾಡಿಯಲ್ಲಿ ಕೂರಿಸಿ ಸೊಂಟದ ಬೆಲ್ಟು ಹಾಕಿದ್ದಾಯಿತು.

"ಪಾಪು ತುಂಬಾ ಶಾಂತ ಸಾರ್" ಎಂದು ಶಾಲಿನಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅವ್ರ ತಾತನ್ ತರ" ಎಂದ ತಿಮ್ಮಯ್ಯ.

ಅಂಗಡಿಯ ಮುಂದೆ ಬೈಕು ಹತ್ತಿಸಲು ಮಾಡಿದ ಸಿಮೆಂಟಿನ ಇಳಿಜಾರು ಇತ್ತು. ಪುಟ್ಟಮಾದಯ್ಯ ಗಾಡಿಯನ್ನು ಅಲ್ಲಿಗೆ ತಳ್ಳಿ, ಕೆಳಗೆ ತಿಮ್ಮಯ್ಯನನ್ನು ನಿಲ್ಲಿಸಿ, ಒಂದು ಗಾಲಿಯ ಬ್ರೇಕು ಒತ್ತಿದ. ಇನ್ನೊಂದನ್ನು ಒತ್ತಲಿಲ್ಲ. ಕೈ ಬಿಟ್ಟ. ಗಾಡಿ ಒಂದು ಕ್ಷಣ ನಿಂತು, ಅಡ್ಡ ತಿರುಗಿ, ಜಾರಿತು. ತಿಮ್ಮಯ್ಯ ಓಡಿ ಹಿಡಿದ. ಬೀದಿಯಲ್ಲಿ ಹೋಗುತ್ತಿದ್ದವರು ಕಲ್ಲನ್ನು ಕಂಡು ನಕ್ಕರು. ಪುಟ್ಟಮಾದಯ್ಯನ ಹಣೆಯಲ್ಲಿ ಬೆವರು ಮೂಡಿತ್ತು.

"ಎರಡೂ ಒತ್ಬೇಕು ಸಾರ್ ಅದಕ್ಕೆ" ಎಂದಳು ಶಾಲಿನಿ.

"ಎಲ್ಡ್ ಒತ್ತೋಗಂಟ ಟೈಮಿದ್ರೆ ಬ್ರೇಕ್ಯಾಕವ್ವಾ ಬೇಕು?"

ಮೂಲೆಯಲ್ಲಿ ಧೂಳು ಹಿಡಿದ ಒಂದು ದಪ್ಪ ಗಾಡಿ ಇತ್ತು. ಮಾಸಲು ಕೆಂಪು ಬಣ್ಣ, ಮಡಚಿದರೂ ಮಂಚದಷ್ಟು ಜಾಗ ಬೇಕು, ಯಾರೂ ಕೇಳದ ಮಾಲು. ಹಿಂದೆ ಒಂದೇ ಪಟ್ಟಿ. ತುಳಿದರೆ ಎರಡೂ ಗಾಲಿ ಒಟ್ಟಿಗೆ ಬಿಗಿಯುತ್ತಿತ್ತು. ಗುಂಡಪ್ಪನನ್ನು ಕೂರಿಸಿ ಮತ್ತೆ ಇಳಿಜಾರಿಗೆ ತಂದರು. ತುಳಿದ. ಕೈ ಬಿಟ್ಟ. ಗಾಡಿ ನಿಂತಿತು. ಹತ್ತು ಸಲ ಮಾಡಿದ ಮೇಲೂ ನಿಂತೇ ಇತ್ತು.

"ಇದ್ನೇ ಕೊಡವ್ವ."

ಮದ್ದೂರಿನಲ್ಲಿ ಬಸ್ಸಿಳಿದು ಆಟೋದಲ್ಲಿ ವೈದ್ಯನಾಥಪುರಕ್ಕೆ ಬರುವಾಗ ತಿಮ್ಮಯ್ಯ ಹೇಳಿದ: "ನೋಡ್ಲಾ ಮಾದ. ಗಾಡಿ ತಗೊಂಡಿದ್ದಾಯ್ತು. ಭಾನ್ವಾರ ಮನೇಗ್ ಬತ್ತೀನಿ. ಅಷ್ಟೊತ್ಗೆ ನೀನ್ ಯೋಳಿದ್ರೆ ಸರಿ, ಇಲ್ದಿದ್ರೆ ದೀಪಿಕನ್ ಮುಂದೆ ನಾನೇ ಯೋಳ್ತೀನಿ. ಆಮೇಲೆ ನನ್ ಮಕ ನೋಡ್ದೆ ಇದ್ರೂ ಚಿಂತೆಯಿಲ್ಲ."

"ಭಾನ್ವಾರ ಊಟುಕ್ ಬಾ" ಎಂದಷ್ಟೇ ಅಂದ ಪುಟ್ಟಮಾದಯ್ಯ. "ನಾನೇ ಯೋಳ್ತೀನಿ. ನೀನ್ ಪಕ್ಕದಲ್ ಕೂತ್ಕೊ."

ಸಂಜೆ ದೀಪಿಕ ಗಾಡಿ ನೋಡಿ ಬಾಗಿಲಲ್ಲೇ ನಿಂತಳು. "ಅಪ್ಪಾ, ನಾನ್ ಫೋಟೋ ಕಳ್ಸಿದ್ದು ಇದಾ?"

"ಅದು ಜಾರ್ತದೆ ಕಣವ್ವ."

"ಊರೋರೆಲ್ಲ ಅದ್ನೇ ತಳ್ಕಂಡ್ ಓಡಾಡ್ತಾರೆ, ಯಾರ್ದೂ ಜಾರಿಲ್ಲ. ಇದು ನೋಡು, ಎಮ್ಮೆ ಇದ್ದಂಗಿದೆ."

"ಎಮ್ಮೆ ಒಳ್ಳೇದೆ. ಎಳುದ್ರೂ ಬರಾಕಿಲ್ಲ."

ದೀಪಿಕ ಕೋಪದಲ್ಲೇ ನಕ್ಕುಬಿಟ್ಟಳು. ನಾಗಮಣಿ ಗಾಡಿಗೆ ಕುಂಕುಮ ಇಟ್ಟು, ಗುಂಡನ್ನು ತೆಗೆದು, ಗಗನಳನ್ನು ಕೂರಿಸಿದಳು. ಗುಂಡನ್ನು ಅಡುಗೆಮನೆಗೆ ಒಯ್ಯಲು ಬಗ್ಗಿದಾಗ ಪುಟ್ಟಮಾದಯ್ಯ ತಡೆದ.

"ಅದು ಇಲ್ಲೇ ಇರ್ಲಿ, ಕೆಳಗಿನ್ ಬುಟ್ಟೀಲಿ."

"ಕೂಸು ಕೂತಮ್ಯಾಲೆ ಗುಂಡ್ಯಾಕೆ?"

"ಇರ್ಲಿ ಬುಡು, ಜೊತೆಗೆ. ರುಬ್ಬಾಕೆ ಮಿಕ್ಸಿ ಐತಲ್ಲ."

ಸೀಟಿನ ಕೆಳಗಿದ್ದ ಬಟ್ಟೆಯ ಬುಟ್ಟಿ ನೆಲಕ್ಕೆ ತಾಕುವಷ್ಟು ಜೋತುಬಿತ್ತು. ನಾಗಮಣಿ ಇದನ್ನು ಶಾಸ್ತ್ರವೆಂದುಕೊಂಡಳೋ ಇಲ್ಲವೋ. ಮತ್ತೆ ಆ ಮಾತು ಎತ್ತಲಿಲ್ಲ. ದಿನವೂ ಅಂಗನವಾಡಿಗೆ ಹೋಗುವ ಮೊದಲು ಕೂಸನ್ನು ಕೂರಿಸಿ ಬೆಲ್ಟು ಹಾಕಿಕೊಡುತ್ತಿದ್ದಳು. ತಿರುಗಾಡಿ ಬಂದ ಮೇಲೆ ಎತ್ತಿ ಮಲಗಿಸುವುದು ಎದುರು ಮನೆಯ ಮುದ್ದಮ್ಮ. ಪುಟ್ಟಮಾದಯ್ಯ ಮನೆಯಿಂದ ಅರಳಿಕಟ್ಟೆಯವರೆಗೆ ಹೋಗಿ, ಅಲ್ಲಿಂದಲೇ ಹಿಂತಿರುಗುತ್ತಿದ್ದ. ಇಳಿಜಾರಿಗೆ ಗಾಲಿ ತಿರುಗಿಸುತ್ತಿರಲಿಲ್ಲ.

ತಿಮ್ಮಯ್ಯ ಹೇಳಿದ ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು. ಶುಕ್ರವಾರ ಅರಳಿಕಟ್ಟೆಗೆ ಹೋಗುವಾಗ ರಸ್ತೆ ಖಾಲಿ ಇತ್ತು. ಅಲ್ಲಿ ಸ್ವಲ್ಪ ಕೂತು ಹಿಂತಿರುಗಿದರೆ, ಅಷ್ಟರಲ್ಲಿ ಯಾರೋ ಹುರುಳಿ ತಂದು ರಸ್ತೆಯ ಅಗಲಕ್ಕೂ ಹರಡಿದ್ದರು, ಓಡಾಡುವ ಗಾಡಿಗಳು ತುಳಿದು ಕಾಳು ಉದುರಿಸಲಿ ಎಂದು. ಗಾಲಿಗೆ ಬಳ್ಳಿ ಸುತ್ತಿಕೊಂಡಿತು. ಎತ್ತಿ ದಾಟಿಸುವ ಹಾಗಿಲ್ಲ. ಕೂಸು ಹಸಿದು ರಾಗ ತೆಗೆದಿತ್ತು. ಮನೆಯ ಹಿತ್ತಲಿಗೆ ಹೋಗಲು ಉಳಿದದ್ದು ಒಂದೇ ದಾರಿ, ಹೊಳೆಯ ಬೀದಿಯಲ್ಲಿ ನಾಲ್ಕು ಮನೆ ಇಳಿದು ಎಡಕ್ಕೆ ಓಣಿ. ಹುರುಳಿ ಹರಡುತ್ತಿದ್ದವರು ಕಂಡದ್ದು ಇಷ್ಟು: ಅವನು ಇಳಿಜಾರಿನ ತಲೆಯಲ್ಲಿ ನಿಂತು ಕೆಳಗೆ ನೋಡಿದ, ಬಗ್ಗಿ ಕೂಸಿನ ಬೆಲ್ಟು ಎಳೆದು ನೋಡಿದ, ಆಮೇಲೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಇಳಿದ.

ಓಣಿ ಮುಟ್ಟಲಿಲ್ಲ.

ಹೊಳೆದಂಡೆಯ ದೇವಸ್ಥಾನಕ್ಕೆ ಹೂವು ಕೊಟ್ಟು ಮೇಲೆ ಬರುತ್ತಿದ್ದ ಮುದ್ದಮ್ಮ ಮೊದಲು ಕೇಳಿದ್ದು ಕೂಸಿನ ಅಳು. ಗಾಡಿ ಇಳಿಜಾರಿನ ಮಧ್ಯದಲ್ಲಿ, ಹೊಳೆಗೆ ಮುಖ ಮಾಡಿ ನಿಂತಿತ್ತು. ಗಗನ ಕಾಲು ಬಡಿಯುತ್ತ, ಸೀಟಿನಲ್ಲಿ ಜೋಲಿ ಹೊಡೆಯುತ್ತಿದ್ದಳು. ಪುಟ್ಟಮಾದಯ್ಯ ಗಾಡಿಯ ಹಿಂದೆ ಇರಲಿಲ್ಲ. ಮುಂದೆ, ಕೂಸಿಗೂ ಹೊಳೆಗೂ ನಡುವೆ, ನೀರಿನ ಕಡೆ ಬೆನ್ನು ಮಾಡಿ ನೆಲದಲ್ಲಿ ಕೂತಿದ್ದ, ಪಕ್ಕದ ಗೋಡೆಗೆ ತಲೆ ಆನಿಸಿ.

"ಮಾದಣ್ಣಾ, ಯಾಕಣ್ಣಾ ಇಲ್ ಕೂತೀಯೆ?" ಎಂದು ಅವಳು ಕೇಳಿದಳು. 

ಅವಳು ಗಾಡಿಯನ್ನು ಬದಿಗೆ ತಳ್ಳಲು ನೋಡಿದಳು, ಕದಲಲಿಲ್ಲ. ಬೆಲ್ಟು ಬಿಚ್ಚಿ ಕೂಸನ್ನು ಎತ್ತಿಕೊಂಡ ಮೇಲೆ ಬಗ್ಗಿ ನೋಡಿದಳು. ಹಿಂದಿನ ಪಟ್ಟಿ ತುಳಿದ ಹಾಗೇ ಇತ್ತು, ಎರಡೂ ಗಾಲಿ ಬಿಗಿದಿದ್ದವು. ಕೆಳಗಿನ ಬುಟ್ಟಿ ಖಾಲಿ. ಬುಟ್ಟಿಯಿಂದ ಮುಂದಿನ ಗಾಲಿಯವರೆಗೆ ಮಣ್ಣಿನಲ್ಲಿ ಉರುಳಿದ ಗೆರೆ ಇತ್ತು.

ತುಳಿಯುವಷ್ಟು ಹೊತ್ತು ಅವನಿಗೆ ಸಿಕ್ಕಿತ್ತು. ಬ್ರೇಕು ಬಿದ್ದಿತ್ತು, ಗಾಡಿ ನಿಂತಿತ್ತು. ಅಲ್ಲೇ, ಹಿಂದೆಯೇ ಅವನು ಕೂರಬಹುದಿತ್ತು. ಕೂರಲಿಲ್ಲ. ಗಾಡಿ ಹಿಡಿದುಕೊಂಡೇ ಮುಂದೆ ಬಂದ, ನೆಲಕ್ಕೆ ಕುಸಿದ, ಬುಟ್ಟಿಯೊಳಗೆ ಕೈ ಹಾಕಿ ಗುಂಡನ್ನು ಹೊರಕ್ಕೆ ಉರುಳಿಸಿಕೊಂಡ, ಗಾಲಿಗೆ ಕಲ್ಲು ಕೊಟ್ಟ.